ಹಗ್ಗ ಬಿಗಿಯುವ ಮೊದಲು ನೀರಿನ ವೇಳೆ ನೋಡಿ

ಮಲ್ಪೆ ಬಂದರಿಗೆ ವಿಹಾರದ ದೋಣಿ ತರುವವರಲ್ಲಿ, ಮುಂದೊಂದು ದಿನ ತರಬೇಕೆಂದು ಮನಸ್ಸು ಮಾಡಿರುವವರಲ್ಲಿ ಈ ಮನವಿ. ನಿಮ್ಮದು ಹಾಯಿ ಬಿಚ್ಚುವ ಯಾಟ್ ಆಗಿರಲಿ, ಸೇಂಟ್ ಮೇರೀಸ್ ದ್ವೀಪ ನೋಡಿ ಬರುವ ಸ್ಪೀಡ್ ಬೋಟ್ ಆಗಿರಲಿ, ದಕ್ಕೆಗೆ ಬಂದ ಮೇಲೆ ಅದನ್ನು ಎಲ್ಲಿ, ಹೇಗೆ ಕಟ್ಟುತ್ತೀರಿ ಎಂಬುದು ನಿಮ್ಮೊಬ್ಬರ ಸಂಗತಿಯಲ್ಲ. ಕಡಲತೀರ ಪ್ರವಾಸಿಗಳದ್ದಾಗಿರಬಹುದು. ಬಂದರು ಮಾತ್ರ ಮೀನುಗಾರರದು.

ನಮ್ಮ ಕರಾವಳಿಯ ಉಬ್ಬರ ಸಣ್ಣದು. ಗುಜರಾತಿನ ಭಾವನಗರದ ಕಡೆ ದೊಡ್ಡ ಉಬ್ಬರದಲ್ಲಿ ನೀರು ಹತ್ತು ಮೀಟರಿನಷ್ಟು ಏರಿಳಿಯುತ್ತದೆ. ಅಲ್ಲಿ ಮೈಮರೆಯಲು ಯಾರಿಗೂ ಸಾಧ್ಯವಿಲ್ಲ. ಇಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ದಿನಗಳಲ್ಲೂ ಒಂದೂವರೆ ಮೀಟರಿನ ಆಸುಪಾಸು. ಮೋಸ ಹೋಗುವುದು ಇದರಿಂದಲೇ. ನೀರು ತುಂಬಿದ್ದಾಗ ದೋಣಿಯನ್ನು ದಕ್ಕೆಗೆ ಅಂಟಿಸಿ, ಗಿಡ್ಡ ಹಗ್ಗದಲ್ಲಿ ಬಿಗಿದು ಊಟಕ್ಕೆ ಹೋಗುತ್ತಾರೆ. ಆರು ಗಂಟೆ ಕಳೆಯುವಷ್ಟರಲ್ಲಿ ನೀರು ಕೆಳಗಿಳಿದು, ದೋಣಿಯ ಭಾರವೆಲ್ಲ ಹಗ್ಗದ ಮೇಲೆ ಬಿದ್ದಿರುತ್ತದೆ. ಹಗ್ಗ ಕಡಿಯದಿದ್ದರೆ ಗೂಟ ಕಿತ್ತು ಬರುತ್ತದೆ. ನೀರು ಇಳಿದಿದ್ದಾಗ ಕಟ್ಟಿದರೆ ಅಪಾಯ ಬೇರೆ ಥರದ್ದು: ಏರುವ ನೀರಿನಲ್ಲಿ ದೋಣಿಯ ಅಂಚು ದಕ್ಕೆಯ ಅಡಿಗೋ ಟೈರಿನ ಕೆಳಗೋ ಸಿಕ್ಕಿಕೊಂಡು ಒಳಗೆ ನೀರು ನುಗ್ಗಬಹುದು.

ಇದಕ್ಕೆ ಪರಿಹಾರ ಉದ್ದ ಹಗ್ಗ. ಮೂತಿಯ ಹಗ್ಗವನ್ನು ದೂರ ಮುಂದಕ್ಕೆ, ಹಿಂಭಾಗದ್ದನ್ನು ದೂರ ಹಿಂದಕ್ಕೆ ಎಳೆದು ಕಟ್ಟಿ. ದೋಣಿ ಹಿಂದೆ ಮುಂದೆ ಜಾರದಂತೆ ಇನ್ನೆರಡು ಹಗ್ಗ ಓರೆಯಾಗಿ ಕೊಡಿ. ಹಗ್ಗ ಉದ್ದವಿದ್ದಷ್ಟೂ ನೀರಿನ ಏರಿಳಿತ ಅದನ್ನು ಬಿಗಿಯುವುದು ಕಡಿಮೆ. ನಮ್ಮ ಬಂದರುಗಳಲ್ಲಿ ಜಾಗ ಸಾಲದೆ ಬೋಟುಗಳು ಒಂದರ ಪಕ್ಕ ಒಂದು ನಿಲ್ಲುತ್ತವೆ. ಪಕ್ಕದ ಬೋಟು ನಿಮ್ಮ ದೋಣಿಯ ಜೊತೆಗೇ ಏರಿ ಇಳಿಯುವುದರಿಂದ ಅದಕ್ಕೆ ಕಟ್ಟಿದ ಹಗ್ಗಕ್ಕೆ ಉಬ್ಬರದ ಲೆಕ್ಕ ಬೇಡ. ಹಾಗೆಂದು ಕೇಳದೆ ಕಟ್ಟಬೇಡಿ. ಆ ಬೋಟು ನಡೆಸುವ ತಂಡೇಲರು ನಸುಕಿಗೆ ಮೊದಲೇ ಮೀನಿಗೆ ಹೊರಡಬೇಕಿರಬಹುದು. ನೀವು ಉಡುಪಿಯ ಹೋಟೆಲಿನಲ್ಲಿ ಮಲಗಿದ್ದರೆ ನಿಮ್ಮ ಗಂಟು ಬಿಚ್ಚುವವರು ಯಾರು? ಬೆಳಗಿನ ಹೊತ್ತು ಮೀನು ಇಳಿಸುವ, ಹರಾಜು ಕೂಗುವ ಕಡೆಯಂತೂ ಹೋಗಲೇಬೇಡಿ. ಅಲ್ಲಿ ಒಂದು ಬೋಟು ತಡವಾದರೆ ಬೆಲೆ ಬೀಳುತ್ತದೆ, ಬುಟ್ಟಿ ಹೊರುವ ಹೆಂಗಸರ ಕೂಲಿಯೂ ಕಡಿಮೆಯಾಗುತ್ತದೆ.

ಲಂಗರು ಹಾಕುವವರಿಗೆ ಒಂದು ಸಣ್ಣ ಗಣಿತ. ನೀರು ಇಳಿದಿದ್ದಾಗ ಆಳ 2 ಮೀಟರ್ ಎಂದುಕೊಳ್ಳಿ. ಐದು ಪಟ್ಟು ಸರಪಳಿ ಸಾಕೆಂದು 10 ಮೀಟರ್ ಬಿಟ್ಟಿರಿ. ಆದರೆ ಉಬ್ಬರ ಒಂದೂವರೆ ಮೀಟರ್ ಸೇರಿಸುತ್ತದೆ, ನಿಮ್ಮ ದೋಣಿಯ ಮೂತಿ ನೀರಿನಿಂದ ಒಂದು ಮೀಟರ್ ಮೇಲಿದೆ. ನಿಜವಾದ ಎತ್ತರ 4.5 ಮೀಟರ್, ನೀವು ಬಿಟ್ಟಿದ್ದು ಅದರ ಎರಡು ಪಟ್ಟಿಗಿಂತ ಚೂರು ಹೆಚ್ಚು, ಅಷ್ಟೆ. ಸರಪಳಿ ಲಂಗರನ್ನು ನೆಲದ ಉದ್ದಕ್ಕೆ ಎಳೆಯುವ ಬದಲು ಮೇಲಕ್ಕೆತ್ತುತ್ತದೆ, ದೋಣಿ ತೇಲಿ ಪಕ್ಕದವರ ಮೇಲೆ ಹೋಗುತ್ತದೆ. ಸರಿಯಾದ ಲೆಕ್ಕದಲ್ಲಿ ಸರಪಳಿ 22 ಮೀಟರಿಗೂ ಹೆಚ್ಚು ಬೇಕು. ಹಗ್ಗವಾದರೆ ಏಳು ಪಟ್ಟು, ಅಂದರೆ 30 ಮೀಟರ್ ದಾಟುತ್ತದೆ. ಅಷ್ಟು ಉದ್ದ ಬಿಟ್ಟ ದೋಣಿ ಗಾಳಿ ತಿರುಗಿದಾಗ ದೊಡ್ಡ ಸುತ್ತು ಹೊಡೆಯುತ್ತದೆ. ಆ ಸುತ್ತಿನೊಳಗೆ ಬೋಟುಗಳ ದಾರಿ ಬರಬಾರದು. ರಾತ್ರಿ ಎಲ್ಲ ದಿಕ್ಕಿಗೂ ಕಾಣುವ ಬಿಳಿ ದೀಪ ಹಚ್ಚಿಡಿ.

ಅಳಿವೆ ದಾಟುವ ವೇಳೆಯೂ ನಿಮ್ಮ ಬಿಡುವನ್ನು ಕೇಳುವುದಿಲ್ಲ. ಇಳಿಯುವ ನೀರು ಹೊಳೆಯ ನೀರನ್ನೂ ಎಳೆದುಕೊಂಡು ಹೊರಗೆ ನುಗ್ಗುವಾಗ, ಒಳಬರುವ ಅಲೆ ಅದಕ್ಕೆ ಡಿಕ್ಕಿ ಹೊಡೆದು ಕಡಿದಾಗಿ ಏಳುತ್ತದೆ. ನೀರು ಏರುತ್ತಿರುವಾಗಲೇ ಬನ್ನಿ. ಆಗ ಮರಳದಿಬ್ಬಕ್ಕೆ ತಾಗಿದರೂ ಏರುವ ನೀರು ನಿಮ್ಮನ್ನು ಎತ್ತಿ ಬಿಡುತ್ತದೆ. ಹುಣ್ಣಿಮೆಯ ತುಂಬು ಉಬ್ಬರದ ತುದಿಯಲ್ಲಿ ಕೂತುಬಿಟ್ಟರೆ ಅಷ್ಟು ನೀರು ಮತ್ತೆ ಬರಲು ಹದಿನೈದು ದಿನವೂ ಕಾಯಬೇಕಾದೀತು. ಉಬ್ಬರದ ವೇಳೆ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ, ಹಾಗಾಗಿ ಕಳೆದ ವಾರದ ನೆನಪು ಈ ವಾರಕ್ಕೆ ಆಗಿಬರುವುದಿಲ್ಲ. ಸರ್ವೇ ಆಫ್ ಇಂಡಿಯಾದ ಉಬ್ಬರ ಪಟ್ಟಿ ನೋಡಿ, ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯಿಸ್ ಕೊಡುವ ಅಲೆಗಳ ಮುನ್ಸೂಚನೆಯನ್ನೂ ನೋಡಿ. ಎರಡೂ ನೋಡಿದ ಮೇಲೆ ದಕ್ಕೆಯಲ್ಲಿ ಬಲೆ ಹೊಲಿಯುತ್ತಿರುವ ಹಿರಿಯರೊಬ್ಬರನ್ನು ಕೇಳಿ. ಮರಳು ಈ ವರ್ಷ ಎಲ್ಲಿ ಕೂತಿದೆ ಎಂಬುದು ಯಾವ ಪಟ್ಟಿಯಲ್ಲೂ ಇರುವುದಿಲ್ಲ.

ಜೂನ್ 1ರಿಂದ ಜುಲೈ 31ರವರೆಗೆ, ಮೀನುಗಾರಿಕೆ ನಿಷೇಧದ 61 ದಿನ, ದಯವಿಟ್ಟು ಬರಬೇಡಿ. ಬೋಟುಗಳೆಲ್ಲ ಒಳಗೇ ಇರುತ್ತವೆ, ಕಡಲೂ ಎದ್ದಿರುತ್ತದೆ.

ದೋಣಿ ಇಲ್ಲದ ಪ್ರವಾಸಿಗಳಿಗೂ ಒಂದು ಮಾತು. ಬಿಗಿದ ಹಗ್ಗದ ಮೇಲೆ ಕೂತು ಸೆಲ್ಫಿ ತೆಗೆಯಬೇಡಿ, ದೋಣಿಗೂ ದಕ್ಕೆಗೂ ನಡುವೆ ಕಾಲು ಇಳಿಬಿಡಬೇಡಿ. ಲೈಫ್ ಜಾಕೆಟ್ ಕೊಟ್ಟರೆ ಕೈಯಲ್ಲಿ ಹಿಡಿಯದೆ ಹಾಕಿಕೊಳ್ಳಿ.

ದೋಣಿ ಬಿಟ್ಟು ಊರೊಳಗೆ ಹೋಗುವ ಮಾಲೀಕರು ತಮ್ಮ ಫೋನ್ ನಂಬರನ್ನೂ ತಿರುಗಿ ಬರುವ ಹೊತ್ತನ್ನೂ ಒಂದು ಹಲಗೆಯ ಮೇಲೆ ದೊಡ್ಡದಾಗಿ ಬರೆದು ದೋಣಿಗೆ ತೂಗುಹಾಕಿ, ಪಕ್ಕದ ಬೋಟಿನವರಿಗೆ ಬಾಯಲ್ಲೂ ಹೇಳಿ ಹೋಗಿ. ಕಡಲಲ್ಲಿ ತೊಂದರೆಯಾದರೆ ಕರಾವಳಿ ಕಾವಲು ಪಡೆಯ ನಂಬರ್ 1554, ವೈರ್‌ಲೆಸ್ ಇದ್ದವರಿಗೆ ವಿಎಚ್‌ಎಫ್ 16ನೇ ಚಾನೆಲ್.