ಕೋಚ್‌ಗೆ ಸ್ಕೋರ್‌ಬೋರ್ಡ್ ಇದೆ, ಮಾಲೀಕರಿಗೆ?

ಬೆಂಗಳೂರು ಎಫ್‌ಸಿ ಕಂಡ ಕೋಚ್‌ಗಳಲ್ಲಿ ಬೆಸ್ಟ್ ಯಾರು? ನಾಲ್ಕು ಜನ ಬಿಎಫ್‌ಸಿ ಅಭಿಮಾನಿಗಳು ಸೇರಿದ ಕಡೆ ಈ ಪ್ರಶ್ನೆ ಬಂದೇ ಬರುತ್ತೆ. ಆಶ್ಲಿ ವೆಸ್ಟ್‌ವುಡ್ ಅನ್ನೋರು ಒಂದು ಕಡೆ, ಆಲ್ಬರ್ಟ್ ರೋಕಾ ಅನ್ನೋರು ಇನ್ನೊಂದು ಕಡೆ. ‘ಐಎಸ್ಎಲ್ ಕಪ್ ತಂದಿದ್ದು ಯಾರು, ಅದನ್ನ ಹೇಳಿ ಮೊದಲು’ ಅಂತ ಕಾರ್ಲೆಸ್ ಕ್ವಾಡ್ರಾಟ್ ಪರ ನಿಲ್ಲೋರು ಮತ್ತೊಂದು ಕಡೆ.

ಬೆಂಗಳೂರಿನಲ್ಲಿ ಈ ವಾದ ಮೂರು ಹೆಸರಿಗೆ ಮುಗಿಯಬಹುದು. ಬಳ್ಳಾರಿಯಲ್ಲಿ ಮುಗಿಯಲ್ಲ. ಇಲ್ಲಿ ನಾಲ್ಕನೇ ಹೆಸರು ತಾನಾಗೇ ಬರುತ್ತೆ: ಜಿಂದಾಲ್. ಮೋಕ, ಕುರುಗೋಡು, ಸಿರುಗುಪ್ಪ ಕಡೆ ಜಿಂದಾಲ್ ಅಂದ್ರೆ ಜೆರ್ಸಿ ಮೇಲಿನ ಜೆಎಸ್‌ಡಬ್ಲ್ಯು ಲೋಗೊ ಮಾತ್ರ ಅಲ್ಲ. ತೋರಣಗಲ್ಲಿನ ಕಾರ್ಖಾನೆ, ಅಲ್ಲಿನ ಗುತ್ತಿಗೆ ಕೆಲಸ, ಭೂಮಿಯ ಜಗಳ, ತುಂಗಭದ್ರೆಯ ನೀರು, ಮನೆಯೊಳಗೆ ಬಂದು ಕೂರೋ ಧೂಳು, ಎಲ್ಲಾ ಸೇರಿ ಒಂದೇ ಹೆಸರು. ಕ್ಲಬ್ಬಿನ ಮಾಲೀಕರು ಮತ್ತು ಜಿಲ್ಲೆಯ ಅತಿ ದೊಡ್ಡ ಕಂಪನಿಯ ಮಾಲೀಕರು ಒಬ್ಬರೇ ಆದಾಗ, ಅಭಿಮಾನಿ ಅವರನ್ನ ಹೇಗೆ ನೋಡಬೇಕು?

ಈ ಪ್ರಶ್ನೆಗೆ ಎರಡು ಸುಲಭದ ಉತ್ತರ ಇವೆ. ‘ಆಟದಲ್ಲಿ ರಾಜಕೀಯ ತರಬೇಡಿ’ ಅನ್ನೋದು ಒಂದು. ‘ಅದು ಜಿಂದಾಲ್ ಟೀಮು, ನೋಡಲೇಬೇಡಿ’ ಅನ್ನೋದು ಇನ್ನೊಂದು. ಎರಡರಲ್ಲೂ ಯೋಚನೆ ಮಾಡೋ ಕಷ್ಟ ತಪ್ಪುತ್ತೆ, ಅಷ್ಟೇ.

ಮೂರು ಕೋಚ್, ಒಂದು ತಾಳ್ಮೆ

ಮೊದಲು ಕೋಚ್‌ಗಳ ಲೆಕ್ಕ ಮುಗಿಸೋಣ.

ಬಿಎಫ್‌ಸಿ ಹುಟ್ಟಿದ್ದು 2013ರ ಜುಲೈನಲ್ಲಿ. ಆಟಗಾರರಿಲ್ಲ, ಇತಿಹಾಸವಿಲ್ಲ, ಅಭಿಮಾನಿಗಳೂ ಇಲ್ಲ. ಅಂಥ ಕ್ಲಬ್ಬಿಗೆ ಬಂದ ವೆಸ್ಟ್‌ವುಡ್ ಮೊದಲ ಪ್ರಯತ್ನದಲ್ಲೇ ಐ-ಲೀಗ್ ಗೆದ್ದರು. 2014ರ ಏಪ್ರಿಲ್‌ನಲ್ಲಿ ಗೋವಾದಲ್ಲಿ ಡೆಂಪೊ ತಂಡವನ್ನ ಅದರ ನೆಲದಲ್ಲೇ ಸೋಲಿಸಿ ಪಟ್ಟ ಖಚಿತ ಮಾಡಿಕೊಂಡರು. 2015ರ ಜನವರಿಯಲ್ಲಿ ಫೆಡರೇಶನ್ ಕಪ್ ಬಂತು. ಅದೇ ವರ್ಷ ಮೇ 31ರಂದು ಕಂಠೀರವದಲ್ಲಿ ಮೋಹನ್ ಬಾಗಾನ್ ಕೊನೇ ಗಳಿಗೆಯಲ್ಲಿ ಸಮ ಮಾಡಿ ಲೀಗ್ ಕಸಿದುಕೊಂಡಿತು. ಮರುವರ್ಷ ವೆಸ್ಟ್‌ವುಡ್ ಅದನ್ನ ವಾಪಸ್ ತಂದರು. ಮೂರು ಸೀಸನ್, ಎರಡು ಲೀಗ್, ಒಂದು ಕಪ್.

ರೋಕಾ ತಂದಿದ್ದು ಬೇರೆಯದೇ ಹೆಮ್ಮೆ. ಬಾರ್ಸಿಲೋನಾದಲ್ಲಿ ಫ್ರಾಂಕ್ ರೈಕಾರ್ಡ್ ಜೊತೆ ಸಹಾಯಕರಾಗಿದ್ದವರು 2016ರಲ್ಲಿ ಇಲ್ಲಿಗೆ ಬಂದರು. ಎಎಫ್‌ಸಿ ಕಪ್ ಸೆಮಿಫೈನಲ್‌ನಲ್ಲಿ ಹಿಂದಿನ ವರ್ಷದ ಚಾಂಪಿಯನ್ ಮಲೇಷ್ಯಾದ ಜೊಹೋರ್ ತಂಡವನ್ನ ಕಂಠೀರವದಲ್ಲಿ 3-1ರಿಂದ ಕೆಡವಿದ ರಾತ್ರಿಯನ್ನ ಅಲ್ಲಿದ್ದ ಯಾರೂ ಮರೆಯಲ್ಲ. ದೋಹಾದ ಫೈನಲ್‌ನಲ್ಲಿ ಇರಾಕಿನ ಏರ್ ಫೋರ್ಸ್ ಕ್ಲಬ್ ಎದುರು ಒಂದೇ ಗೋಲಿನಿಂದ ಸೋತರೂ, ಭಾರತದ ಯಾವ ಕ್ಲಬ್ಬೂ ಅದಕ್ಕೆ ಮೊದಲು ಅಲ್ಲಿಗೆ ಹೋಗಿರಲಿಲ್ಲ. ಆಮೇಲೆ 2017ರ ಫೆಡರೇಶನ್ ಕಪ್, 2018ರ ಸೂಪರ್ ಕಪ್ ಬಂದವು. ಮೊದಲ ಐಎಸ್ಎಲ್ ಸೀಸನ್‌ನಲ್ಲೇ ಅಂಕಪಟ್ಟಿಯ ತುದಿಯಲ್ಲಿದ್ದೂ ತವರಿನ ಫೈನಲ್‌ನಲ್ಲಿ ಚೆನ್ನೈಯಿನ್‌ಗೆ 3-2ರಿಂದ ಸೋತ ಕಹಿಯೂ ಅವರ ಲೆಕ್ಕಕ್ಕೇ ಸೇರುತ್ತೆ.

ಆ ಕಹಿ ತೊಳೆದಿದ್ದು ರೋಕಾ ಸಹಾಯಕರಾಗಿದ್ದ ಕ್ವಾಡ್ರಾಟ್. ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚ್ 17ರಂದು, ಮುಂಬೈನಲ್ಲಿ ಗೋವಾ ಎದುರು ಹೆಚ್ಚುವರಿ ಸಮಯದಲ್ಲಿ ರಾಹುಲ್ ಭೆಕೆ ತಲೆಯಿಂದ ಬಾರಿಸಿದ ಗೋಲು. ಐಎಸ್ಎಲ್‌ನಲ್ಲಿ ಅಂಕಪಟ್ಟಿಯ ಮೊದಲ ಸ್ಥಾನವನ್ನೂ ಕಪ್ಪನ್ನೂ ಒಂದೇ ವರ್ಷ ಗೆದ್ದ ಮೊದಲ ತಂಡ ಬಿಎಫ್‌ಸಿ.

ನನ್ನ ಓಟು ವೆಸ್ಟ್‌ವುಡ್‌ಗೆ. ರೋಕಾ, ಕ್ವಾಡ್ರಾಟ್ ಇಬ್ಬರೂ ಕಟ್ಟಿದ ಮನೆಗೆ ಬಂದರು, ಪಾಯ ತೋಡಿದ್ದು ವೆಸ್ಟ್‌ವುಡ್. ನೀವು ಒಪ್ಪದಿದ್ದರೂ ಪರವಾಗಿಲ್ಲ. ಆದ್ರೆ ಒಂದು ಲೆಕ್ಕ ಗಮನಿಸಿ. 2013ರಿಂದ 2021ರ ಜನವರಿವರೆಗೆ, ಅಂದ್ರೆ ಏಳೂವರೆ ವರ್ಷದಲ್ಲಿ ಕ್ಲಬ್ಬಿಗೆ ಇದ್ದದ್ದು ಈ ಮೂವರೇ. ಕ್ವಾಡ್ರಾಟ್ ಹೋದ ಮೇಲಿನ ಮೂರೇ ವರ್ಷದಲ್ಲಿ ನೌಷಾದ್ ಮೂಸಾ, ಮಾರ್ಕೊ ಪೆಝೈಯೊಲಿ, ಸೈಮನ್ ಗ್ರೇಸನ್, ಜೆರಾರ್ಡ್ ಝರಗೋಝಾ ಅಂತ ನಾಲ್ಕು ಜನ ಆ ಕುರ್ಚಿಯಲ್ಲಿ ಕೂತರು. ಗ್ರೇಸನ್ ಕಾಲದಲ್ಲಿ 2022ರ ಡ್ಯುರಾಂಡ್ ಕಪ್ ಬಂತು, ನಿಜ. 2023 ಮತ್ತು 2025ರ ಐಎಸ್ಎಲ್ ಫೈನಲ್‌ಗಳು ಕೈತಪ್ಪಿದವು.

ಮೊದಲ ಮೂವರ ಯಶಸ್ಸಿನಲ್ಲಿ ಅವರಿಗೆ ಸಿಕ್ಕ ಸಮಯದ ಪಾಲೂ ಇದೆ. ಆ ಸಮಯ ಕೊಟ್ಟಿದ್ದು ಮಾಲೀಕರು. ಆಮೇಲೆ ಕುರ್ಚಿ ಗಿರಗಿರ ತಿರುಗಿಸಿದ್ದೂ ಅವರೇ. ಹಾಗಾಗಿ ಕೋಚ್ ಬಗ್ಗೆ ಮಾತಾಡ್ತಾ ಮಾಲೀಕರ ಬಗ್ಗೆ ಮಾತಾಡಲ್ಲ ಅಂದ್ರೆ ಅರ್ಧ ಪಂದ್ಯ ನೋಡಿ ಎದ್ದು ಬಂದ ಹಾಗೆ.

ಮಾಲೀಕರಿಗೆ ಸಲ್ಲಬೇಕಾದ್ದು

ನ್ಯಾಯವಾಗಿ ಸಲ್ಲಬೇಕಾದ್ದನ್ನ ಮೊದಲು ಕೊಡೋಣ. ಬೆಂಗಳೂರಿನ ಫುಟ್‌ಬಾಲ್ ದಶಕಗಳ ಕಾಲ ನಿಂತಿದ್ದು ಎಚ್ಎಎಲ್, ಐಟಿಐ ತರಹದ ಸರ್ಕಾರಿ ಕಾರ್ಖಾನೆಗಳ ತಂಡಗಳ ಮೇಲೆ. ಆಟಗಾರನಿಗೆ ಚೆಂಡಿನ ಜೊತೆ ಕಾಯಂ ನೌಕರಿಯೂ ಸಿಗ್ತಿತ್ತು. ಆ ವ್ಯವಸ್ಥೆ ಸೊರಗಿದ ಜಾಗಕ್ಕೆ ಬಂದಿದ್ದು ಜೆಎಸ್‌ಡಬ್ಲ್ಯು. ಕ್ಲಬ್ ಶುರುವಾದಾಗ ಪಾರ್ಥ್ ಜಿಂದಾಲ್‌ಗೆ 23 ವರ್ಷ. ಭಾರತದಲ್ಲಿ ಕ್ಲಬ್ ಅಂದ್ರೆ ಹೀಗೆ ನಡೆಸಬೇಕು ಅನ್ನೋ ಹೆಸರು ಬಿಎಫ್‌ಸಿಗೆ ಬಂತು. ಬಳ್ಳಾರಿಗೂ ಅದರ ಪಾಲು ಸಿಕ್ಕಿತು. ತೋರಣಗಲ್ಲಿನ ಪಕ್ಕ ವಿದ್ಯಾನಗರದಲ್ಲಿ 2018ರಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಬಾಗಿಲು ತೆರೆಯಿತು. ನೀರಜ್ ಚೋಪ್ರಾ ತರಬೇತಿ ಪಡೆದ ಜಾಗ ಅದು. ಬಿಎಫ್‌ಸಿಯ ವಸತಿ ಅಕಾಡೆಮಿ ಬೆಳೆದಿದ್ದೂ ಅಲ್ಲೇ.

ಇನ್ನು ಅದೇ ನೆಲದ ಇನ್ನೊಂದು ಕಥೆ. ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಗೆ ಇಂದಿರಾ ಗಾಂಧಿ ಅಡಿಗಲ್ಲು ಹಾಕಿದ್ದು 1971ರಲ್ಲಿ, ಸರ್ಕಾರಿ ಕಾರ್ಖಾನೆ ಬರುತ್ತೆ ಅಂತ. ಬರಲಿಲ್ಲ. ಎರಡು ದಶಕ ಕಳೆದು 1994ರಲ್ಲಿ ಜಿಂದಾಲ್ ವಿಜಯನಗರ ಸ್ಟೀಲ್ ಬಂತು. 2006 ಮತ್ತು 2007ರಲ್ಲಿ ರಾಜ್ಯ ಸರ್ಕಾರ ಗುತ್ತಿಗೆ ಮತ್ತು ಮಾರಾಟದ ಕರಾರಿನ ಮೇಲೆ ಕಂಪನಿಗೆ ಇನ್ನಷ್ಟು ಭೂಮಿ ಕೊಟ್ಟಿತು. ಆ 3,667 ಎಕರೆಯನ್ನ ಕಂಪನಿಗೆ ಶುದ್ಧ ಕ್ರಯ ಮಾಡಿಕೊಡಬೇಕೋ ಬೇಡವೋ ಅನ್ನೋದೇ ಮುಂದಿನ ಜಗಳ.

2019ರ ಮೇ 27ರಂದು ಕುಮಾರಸ್ವಾಮಿ ಸಂಪುಟ ಒಪ್ಪಿಗೆ ಕೊಟ್ಟಿತು. ಕ್ವಾಡ್ರಾಟ್ ಕಪ್ ಎತ್ತಿ ಎರಡು ತಿಂಗಳು ಕಳೆದಿತ್ತಷ್ಟೆ. ಎಕರೆಗೆ 1.22 ಲಕ್ಷ ಮತ್ತು 1.50 ಲಕ್ಷ ರೂಪಾಯಿ ದರ. ಗುಣಿಸಿ ನೋಡಿದರೆ ಒಟ್ಟು ಸುಮಾರು 50 ಕೋಟಿ. ಆಡಳಿತ ಪಕ್ಷದೊಳಗೇ ಎಚ್.ಕೆ. ಪಾಟೀಲ್ ವಿರೋಧಿಸಿದರು. ಯಡಿಯೂರಪ್ಪ ಬೆಂಗಳೂರಿನಲ್ಲಿ ಅಹೋರಾತ್ರಿ ಧರಣಿ ಕೂತರು. ವಿಜಯನಗರ ಶಾಸಕ ಆನಂದ್ ಸಿಂಗ್ ಈ ಭೂಮಿಯ ಕಾರಣ ಮುಂದಿಟ್ಟೇ ರಾಜೀನಾಮೆ ಕೊಟ್ಟರು. ಮುಂದೇನಾಯ್ತು? 2021ರ ಏಪ್ರಿಲ್‌ನಲ್ಲಿ ಧರಣಿ ಕೂತಿದ್ದ ಯಡಿಯೂರಪ್ಪನವರದೇ ಸಂಪುಟ ಅದೇ ಭೂಮಿಗೆ ಒಪ್ಪಿಗೆ ಕೊಟ್ಟಿತು. ಸ್ವಪಕ್ಷದವರೇ ತಿರುಗಿಬಿದ್ದ ಮೇಲೆ ಒಂದೇ ತಿಂಗಳಲ್ಲಿ ತಡೆಹಿಡಿಯಿತು. 2024ರ ಆಗಸ್ಟ್ 22ರಂದು ಸಿದ್ದರಾಮಯ್ಯ ಸಂಪುಟ ಮತ್ತೆ ಒಪ್ಪಿತು. ಆಗ ಕಾನೂನು ಸಚಿವರು ಅದೇ ಎಚ್.ಕೆ. ಪಾಟೀಲ್. ಈ ಸಲ ಗಲಾಟೆ ಮಾಡುವ ಸರದಿ ಬಿಜೆಪಿಯದು.

ಕರಾರಿನ ಷರತ್ತು ಪೂರೈಸಿದ್ದರೆ ಕ್ರಯಪತ್ರ ಮಾಡಿಕೊಡಲೇಬೇಕು ಅನ್ನೋ ವಾದ ಇದೆ, ಅದನ್ನ ತಳ್ಳಿಹಾಕೋಕೆ ಆಗಲ್ಲ. ಇನ್ನೊಂದನ್ನೂ ಹೇಳಬೇಕು: 2011ರ ಲೋಕಾಯುಕ್ತ ವರದಿಯ ನಂತರ ಯಡಿಯೂರಪ್ಪ ಕುಟುಂಬದ ಟ್ರಸ್ಟ್‌ಗೆ ಹೋದ ದೇಣಿಗೆ ಬಗ್ಗೆ ನಡೆದ ಕೇಸಿನಲ್ಲಿ ಸಿಬಿಐ ವಿಶೇಷ ನ್ಯಾಯಾಲಯ 2016ರ ಅಕ್ಟೋಬರ್‌ನಲ್ಲಿ ಎಲ್ಲರನ್ನೂ ಖುಲಾಸೆ ಮಾಡಿದೆ. ಯಾರನ್ನೂ ಕಟಕಟೆಗೆ ತಂದು ನಿಲ್ಲಿಸೋದು ಈ ಬರಹದ ಕೆಲಸ ಅಲ್ಲ. ಆದ್ರೆ ಮೂರು ಪಕ್ಷಗಳ ಸರ್ಕಾರ ಬಂದು ಹೋದರೂ ಬದಲಾಗದ ಒಂದು ಸಂಗತಿ ಇದೆ. ವಿರೋಧ ಪಕ್ಷದಲ್ಲಿದ್ದಾಗ ಅಗ್ಗ ಅನಿಸಿದ ದರ, ಅಧಿಕಾರಕ್ಕೆ ಬಂದಾಗ ನ್ಯಾಯ ಅನಿಸುತ್ತೆ. ಆ ಕಡೆ ಕುಡತಿನಿ ಸುತ್ತ ಆರ್ಸೆಲರ್ ಮಿತ್ತಲ್ ಸೇರಿ ಬೇರೆ ಕಂಪನಿಗಳ ಕಾರ್ಖಾನೆಗೆಂದು ಭೂಮಿ ಕಳಕೊಂಡ ರೈತರು, ಕಾರ್ಖಾನೆಯೂ ಇಲ್ಲ ಸರಿಯಾದ ಬೆಲೆಯೂ ಇಲ್ಲ ಅಂತ 2022ರ ಕೊನೆಯಲ್ಲಿ ಧರಣಿ ಶುರು ಮಾಡಿದರು. ಎಕರೆ ಅನ್ನೋ ಮಾತಿಗೆ ಬಳ್ಳಾರಿ ಜನ ಯಾಕೆ ಕಿವಿ ನಿಮಿರಿಸ್ತಾರೆ ಅಂತ ಗೊತ್ತಾಗಬೇಕಾದ್ರೆ ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು.

ಆಗಸ್ಟ್ 2025ರ ಪಾಠ

‘ಇದೆಲ್ಲ ಕಂಪನಿ ವಿಷಯ, ಕ್ಲಬ್ಬಿಗೂ ಇದಕ್ಕೂ ಏನು ಸಂಬಂಧ’ ಅನ್ನೋರಿಗೆ 2025ರ ಆಗಸ್ಟ್ ನೆನಪಿಸಬೇಕು. ಭಾರತೀಯ ಫುಟ್‌ಬಾಲ್ ಫೆಡರೇಶನ್ ಮತ್ತು ಐಎಸ್ಎಲ್ ನಡೆಸುತ್ತಿದ್ದ ಎಫ್ಎಸ್‌ಡಿಎಲ್ ನಡುವೆ 2010ರಲ್ಲಿ ಆಗಿದ್ದ 15 ವರ್ಷದ ಒಪ್ಪಂದ ಆ ಡಿಸೆಂಬರ್‌ಗೆ ಮುಗಿಯೋದಿತ್ತು. ಮುಂದೇನು ಅನ್ನೋದು ಇತ್ಯರ್ಥ ಆಗದೆ ಜುಲೈನಲ್ಲಿ ಲೀಗ್ ತಡೆಹಿಡಿಯಲಾಯಿತು. ಆಗಸ್ಟ್ ಮೊದಲ ವಾರ ಬಿಎಫ್‌ಸಿ ಒಂದು ಹೇಳಿಕೆ ಕೊಟ್ಟಿತು: ಮೊದಲ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳ ಅನಿರ್ದಿಷ್ಟ ಅವಧಿಗೆ ನಿಲ್ಲಿಸಲಾಗಿದೆ.

ತಪ್ಪು ಮಾಲೀಕರೊಬ್ಬರದೇ ಅಲ್ಲ. ಫೆಡರೇಶನ್ ಸಕಾಲಕ್ಕೆ ಎಚ್ಚೆತ್ತುಕೊಂಡಿದ್ದರೆ ಆ ಸ್ಥಿತಿ ಬರ್ತಿರಲಿಲ್ಲ. ಭಾರತದಲ್ಲಿ ಫುಟ್‌ಬಾಲ್ ಕ್ಲಬ್ ನಡೆಸೋದು ಲಾಭದ ಬಾಬತ್ತೂ ಅಲ್ಲ. ಆದರೂ ದೇಶದ ಅತಿ ದೊಡ್ಡ ಉಕ್ಕು ಕಂಪನಿಗಳಲ್ಲಿ ಒಂದಾದ ಸಮೂಹದ ಕ್ಲಬ್, ಅದೂ ‘ಮಾದರಿ’ ಅನಿಸಿಕೊಂಡ ಕ್ಲಬ್, ಮೊದಲು ಕೈಯಿಟ್ಟಿದ್ದು ಸಂಬಳಕ್ಕೆ. ಫಿಸಿಯೊ, ಕಿಟ್ ನೋಡಿಕೊಳ್ಳೋರು ಅಂಥವರ ಮನೆ ಖರ್ಚು ಲೀಗ್ ನಿಂತಿದೆ ಅಂತ ನಿಲ್ಲಲ್ಲ. 2025 ಮುಗಿದರೂ ಐಎಸ್ಎಲ್ ಶುರುವಾಗಲಿಲ್ಲ.

ಮಾಲೀಕರ ಒಂದು ನಿರ್ಧಾರದ ಮೇಲೆ ಕ್ಲಬ್ ನಿಂತಿದೆ ಅನ್ನೋದು ಆವತ್ತು ಬೆಂಗಳೂರಿನ ಅಭಿಮಾನಿಗಳಿಗೆ ಗೊತ್ತಾಯ್ತು. ಬಳ್ಳಾರಿಯಲ್ಲಿ ಗುತ್ತಿಗೆ ಕೆಲಸ ಮಾಡಿದವರಿಗೆ ಇದು ಹೊಸ ಸುದ್ದಿ ಅಲ್ಲ.

ಅಭಿಮಾನ ಬೇರೆ, ಸರ್ಟಿಫಿಕೇಟ್ ಬೇರೆ

2022ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಬರ್ನ್ಲಿಯಲ್ಲಿ ಉಕ್ರೇನ್ ಜನರಿಗಾಗಿ ಇಡೀ ಮೈದಾನ ಚಪ್ಪಾಳೆ ತಟ್ಟುತ್ತಿದ್ದಾಗ ಚೆಲ್ಸಿಯ ಕೆಲವು ಅಭಿಮಾನಿಗಳು ತಮ್ಮ ರಷ್ಯನ್ ಮಾಲೀಕ ಅಬ್ರಮೊವಿಚ್ ಹೆಸರು ಕೂಗಿದರು. ಕಪ್ ತಂದುಕೊಟ್ಟವರ ಋಣ ತೀರಿಸ್ತಿದ್ದೀವಿ ಅಂದುಕೊಂಡಿರಬೇಕು. ಕ್ಲಬ್ ಮೇಲಿನ ಪ್ರೀತಿಯನ್ನ ಮಾಲೀಕರು ಪುಕ್ಕಟೆ ಪ್ರಚಾರವಾಗಿ ಹೇಗೆ ಬಳಸಿಕೊಳ್ಳಬಹುದು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಡ. ಜರ್ಮನಿಯಲ್ಲಿ ಇನ್ನೊಂದು ದಾರಿ ಇದೆ. ಕೆಲವು ವಿನಾಯಿತಿ ಬಿಟ್ಟರೆ ಅಲ್ಲಿ ಕ್ಲಬ್ಬಿನ ಅರ್ಧಕ್ಕಿಂತ ಹೆಚ್ಚು ಮತ ಸದಸ್ಯರ ಕೈಯಲ್ಲೇ ಇರಬೇಕು.

ಆ ನಿಯಮ ನಾಳೆಯೇ ಇಲ್ಲಿಗೆ ಬರಲ್ಲ. ಆದರೆ ಕೇಳೋಕೆ ಏನಡ್ಡಿ? ವೆಸ್ಟ್ ಬ್ಲಾಕ್ ಬ್ಲೂಸ್‌ನಂಥ ಅಭಿಮಾನಿ ಬಳಗ ಹನ್ನೆರಡು ವರ್ಷದಿಂದ ಗಂಟಲು ಹರ್ಕೊಂಡು ಈ ಕ್ಲಬ್ಬಿಗೆ ಒಂದು ದನಿ ಕೊಟ್ಟಿದೆ. ಆ ದನಿಗೆ ಆಡಳಿತದ ಮೇಜಿನಲ್ಲಿ ಒಂದು ಕುರ್ಚಿ ಯಾಕಿಲ್ಲ? ಲೀಗ್ ನಿಂತರೂ ಕಡಿಮೆ ಸಂಬಳದ ಸಿಬ್ಬಂದಿಗೆ ಪಗಾರ ನಿಲ್ಲದ ಹಾಗೆ ಒಂದು ನಿಧಿ ಯಾಕಿಲ್ಲ? ಬಳ್ಳಾರಿ ನೆಲದಲ್ಲಿ ಬೆಳೆದ ಅಕಾಡೆಮಿಗೆ ಮೋಕ, ಕುರುಗೋಡು, ಸಿರುಗುಪ್ಪ, ಸಂಡೂರಿನಿಂದ ಎಷ್ಟು ಮಕ್ಕಳು ಬಂದರು ಅನ್ನೋ ಲೆಕ್ಕವನ್ನ ಪ್ರತಿವರ್ಷ ಯಾಕೆ ಹಾಕಬಾರದು? ಇವು ಬಿಎಫ್‌ಸಿಯನ್ನ ದ್ವೇಷಿಸೋರು ಕೇಳೋ ಪ್ರಶ್ನೆ ಅಲ್ಲ. ಕ್ಲಬ್ ಮಾಲೀಕರಿಗಿಂತ ಹೆಚ್ಚು ಕಾಲ ಬದುಕಬೇಕು ಅನ್ನೋರು ಕೇಳೋ ಪ್ರಶ್ನೆ.

ಭೂಮಿಯ ಪ್ರಶ್ನೆಯನ್ನ ಕೇಳಬೇಕಾದ್ದು ಕ್ಲಬ್ಬನ್ನಲ್ಲ, ಸರ್ಕಾರವನ್ನ. ಭೆಕೆ ಗೋಲಿಗೆ ಕುಣಿದವರು ಎಕರೆಗೆ 1.22 ಲಕ್ಷ ಹೇಗೆ ಅಂತ ಕೇಳಿದರೆ ದ್ರೋಹ ಆಗಲ್ಲ. ಹಾಗೇ, ಆ ದರವನ್ನ ಪ್ರಶ್ನಿಸಿದ ಮೋಕದ ಹುಡುಗ ಭಾನುವಾರ ನೀಲಿ ಜೆರ್ಸಿ ಹಾಕಿದರೆ ಅದು ಡೋಂಗಿತನವೂ ಅಲ್ಲ.

ಕ್ವಾಡ್ರಾಟ್ ಸತತ ಮೂರು ಪಂದ್ಯ ಸೋತ ಮೇಲೆ ಮನೆಗೆ ಹೋದರು, ಅದೂ ಲೀಗ್ ಗೆದ್ದುಕೊಟ್ಟು ಎರಡು ವರ್ಷವೂ ಆಗಿರಲಿಲ್ಲ. ಕೋಚ್‌ನ ಲೆಕ್ಕ ಅಷ್ಟು ಕಟ್ಟುನಿಟ್ಟು. ಮಾಲೀಕರ ಸ್ಕೋರ್ ಬರೆಯೋ ಬೋರ್ಡು ಕಂಠೀರವದಲ್ಲೂ ಇಲ್ಲ, ವಿಧಾನಸೌಧದಲ್ಲೂ ಇಲ್ಲ. ಅದನ್ನ ಬರೆಯೋ ಕೆಲಸ ನಮ್ಮ ಪಾಲಿಗೇ ಉಳಿದಿದೆ, ಗೆದ್ದಾಗಿನದನ್ನೂ ಬಿಡದೆ, ಸೋತಾಗಿನದನ್ನೂ ಮುಚ್ಚಿಡದೆ.