ಸಂಬಳ ಏರಿದರೆ ಗಿಂಬಳ ಇಳಿಯುತ್ತದೆಯೇ?



ಕಳೆದ ತಿಂಗಳು ನಮ್ಮ ಕೊಡಿಗೇನಹಳ್ಳಿಯಲ್ಲಿ ಬಂಧುವೊಬ್ಬರ ಶಿವಗಣಾರಾಧನೆ ಇತ್ತು. ಪ್ರಸಾದ ಮುಗಿಸಿ ಏಳೆಂಟು ಜನ ಜಗಲಿಯ ಮೇಲೆ ಕುಳಿತಿದ್ದೆವು. ಹೆಚ್ಚಿನವರು ನನ್ನಂತೆಯೇ ಪಿಂಚಣಿದಾರರು. ಏಳನೇ ವೇತನ ಆಯೋಗದಿಂದ ಯಾರಿಗೆ ಎಷ್ಟು ಏರಿತು ಎಂದು ಶುರುವಾದ ಮಾತು ಪೊಲೀಸರ ಸಂಬಳದ ಕಡೆಗೆ ಹೊರಳಿತು. “ಪಾಪ, ಅವರಿಗೂ ಹೆಂಡ್ತಿ ಮಕ್ಕಳಿಲ್ವಾ? ಸರ್ಕಾರ ಸಂಬಳ ಎರಡರಷ್ಟು ಮಾಡ್ಲಿ, ಆಮೇಲೆ ನೋಡಿ ಹೆಂಗೆ ಕೆಲಸ ಮಾಡ್ತಾರೆ” ಎಂದರು ನಿವೃತ್ತ ಮೇಷ್ಟ್ರೊಬ್ಬರು. “ಹತ್ತರಷ್ಟು ಮಾಡಿದ್ರೂ ಅಷ್ಟೇ ಬಿಡಿ. ಕೈ ಚಾಚಿ ಅಭ್ಯಾಸ ಆದೋನು ನಿಲ್ಲಿಸ್ತಾನಾ?” ಎಂದರು ಮತ್ತೊಬ್ಬರು. ಇಬ್ಬರೂ ನನ್ನ ಕಡೆ ನೋಡಿದರು. “ಇಂಜಿನಿಯರ್ ಸಾಹೇಬ್ರು ಹೇಳ್ಲಿ, ಅವರಿಗೆ ಇದೆಲ್ಲ ಗೊತ್ತಿರುತ್ತೆ” ಎಂದರು.

ಆ ಮಾತಿನಲ್ಲಿ ಗೌರವ ಎಷ್ಟಿತ್ತು, ಚುಚ್ಚು ಎಷ್ಟಿತ್ತು ಎಂದು ತೂಗುತ್ತಾ ನಾನು ಸುಮ್ಮನಿದ್ದೆ. ಅಂದು ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನ ಮನೆಯ ಲೆಕ್ಕ. ಮೂವತ್ತಾರು ವರ್ಷ ಸರ್ಕಾರಿ ಇಂಜಿನಿಯರ್ ಆಗಿದ್ದೆ. ಇಲಾಖೆಯ ಹೆಸರು ಬೇಡ. ನನ್ನ ಸೇವಾವಧಿಯಲ್ಲಿ 2007, 2012, 2018ರ ಪರಿಷ್ಕರಣೆಗಳೂ ಅವಕ್ಕೆ ಮೊದಲಿನವೂ ಸೇರಿ ಸಂಬಳ ಹಲವು ಬಾರಿ ಏರಿತು. ಪ್ರತಿ ಸಲವೂ ಕಚೇರಿಯಲ್ಲಿ ಸಿಹಿ ಹಂಚಿದೆವು. ಆದರೆ ಗುತ್ತಿಗೆದಾರರ ಬಿಲ್ಲಿನ ಮೇಲಿನ ಪರ್ಸೆಂಟೇಜು ಒಂದು ಸಲವಾದರೂ ಇಳಿದದ್ದನ್ನು ನಾನು ಕಾಣಲಿಲ್ಲ. ನಾನು ತೆಗೆದುಕೊಳ್ಳಲಿಲ್ಲ. ಹಾಗೆಂದು ಎದೆ ತಟ್ಟಿಕೊಳ್ಳುವ ಹಾಗೂ ಇಲ್ಲ, ಏಕೆಂದರೆ ಪಕ್ಕದ ಮೇಜಿನಲ್ಲಿ ತೆಗೆದುಕೊಂಡಾಗ ಕಂಡೂ ಕಾಣದಂತೆ ಸಹಿ ಹಾಕಿದ್ದೇನೆ. ಆದ್ದರಿಂದ ಪೊಲೀಸರ ಬಗ್ಗೆ ಬರೆಯುವಾಗ ಎತ್ತರದ ಪೀಠದಲ್ಲಿ ಕುಳಿತು ಬರೆಯುವ ಯೋಗ್ಯತೆ ನನಗಿಲ್ಲ.

ಹಾಗಾದರೆ ಸಂಬಳಕ್ಕೂ ಕೆಲಸಕ್ಕೂ ಸಂಬಂಧವೇ ಇಲ್ಲವೇ? ಇದೆ. 2016ರ ಜೂನ್‌ನಲ್ಲಿ ನಮ್ಮ ರಾಜ್ಯದ ಪೊಲೀಸರು ಸಾಮೂಹಿಕ ರಜೆ ಹಾಕಿ ಪ್ರತಿಭಟಿಸುವುದಾಗಿ ಹೇಳಿದ್ದು ಓದುಗರಿಗೆ ನೆನಪಿರಬಹುದು. ನೆರೆ ರಾಜ್ಯಗಳ ಪೊಲೀಸರಿಗೆ ಸಮನಾದ ಸಂಬಳ, ವಾರಕ್ಕೊಂದು ರಜೆ, ಮೇಲಧಿಕಾರಿಗಳ ಕಿರುಕುಳಕ್ಕೆ ತಡೆ, ಇವು ಅವರ ಬೇಡಿಕೆಗಳು. ಸರ್ಕಾರ ಎಸ್ಮಾ ಹೇರಿತು, ಮುಂದಾಳನ್ನು ರಾಜದ್ರೋಹದ ಮೊಕದ್ದಮೆಯಲ್ಲಿ ಬಂಧಿಸಿತು. ಪ್ರತಿಭಟನೆ ಅಲ್ಲಿಗೆ ತಣ್ಣಗಾಯಿತು. ಆಮೇಲೆ ಹಿರಿಯ ಅಧಿಕಾರಿ ರಾಘವೇಂದ್ರ ಔರಾದ್ಕರ್ ಅವರ ಸಮಿತಿ ಅದೇ ವರ್ಷ ವರದಿ ಕೊಟ್ಟಿತು. ಅದು ಜಾರಿಗೆ ಬಂದದ್ದು 2019ರ ಆಗಸ್ಟ್‌ನಲ್ಲಿ. ಪೇದೆಯ ಆರಂಭಿಕ ಮೂಲ ವೇತನ 21,400 ಇದ್ದದ್ದು 23,500 ಆಯಿತು. ಮೂರು ವರ್ಷ ಕಾದದ್ದಕ್ಕೆ ಸುಮಾರು ನೂರಕ್ಕೆ ಹತ್ತು. ಅದರಲ್ಲೂ ಹೆಚ್ಚು ವರ್ಷ ಸೇವೆ ಮಾಡಿದವರಿಗೆ ಹೊಸಬರಷ್ಟು ಲಾಭವಾಗಲಿಲ್ಲವೆಂಬ ಅಸಮಾಧಾನ ಹಾಗೇ ಉಳಿಯಿತು.

ನಮ್ಮದು ಗಡಿ ಹೋಬಳಿ. ಇಲ್ಲಿಂದ ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿಗೆಲ್ಲ ಆಂಧ್ರದ ಹಿಂದೂಪುರ. ಅಲ್ಲಿನ ಪೇದೆಗೂ ಇಲ್ಲಿನ ಪೇದೆಗೂ ಸಂತೆಯಲ್ಲಿ, ಮದುವೆ ಮನೆಯಲ್ಲಿ ಭೇಟಿಯಾಗುತ್ತದೆ. ಮನುಷ್ಯ ತನ್ನ ಸಂಬಳವನ್ನು ಅಕ್ಕಿ ಬೇಳೆಯ ದರದೊಂದಿಗೆ ಮಾತ್ರ ಹೋಲಿಸುವುದಿಲ್ಲ, ಪಕ್ಕದವನ ಸಂಬಳದೊಂದಿಗೂ ಹೋಲಿಸುತ್ತಾನೆ. ಅಮೆರಿಕದ ನ್ಯೂಜೆರ್ಸಿ ರಾಜ್ಯದ ಪೊಲೀಸರ ಬಗ್ಗೆ ಅಲೆಕ್ಸಾಂಡರ್ ಮಾಸ್ ಎಂಬ ಅರ್ಥಶಾಸ್ತ್ರಜ್ಞ 2006ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ. ಅಧ್ಯಯನದ ಅವಧಿಯಲ್ಲಿ ಅಲ್ಲಿ ಸಂಬಳದ ತಕರಾರು ಪಂಚಾಯಿತಿಗೆ ಹೋದರೆ ಪಂಚರು ಎರಡೂ ಕಡೆಯವರ ಅಂಕಿಗಳಲ್ಲಿ ಒಂದನ್ನು ಹಾಗೆಯೇ ಒಪ್ಪಬೇಕಿತ್ತು, ನಡುವಿನದನ್ನು ಹೇಳುವಂತಿರಲಿಲ್ಲ. ಪೊಲೀಸರ ಅಂಕಿ ಸೋತ ಊರುಗಳಲ್ಲಿ ಆಮೇಲಿನ ತಿಂಗಳುಗಳಲ್ಲಿ ಆರೋಪಿಗಳ ಬಂಧನ ಕಡಿಮೆಯಾಯಿತು, ಅಪರಾಧಗಳ ವರದಿ ಹೆಚ್ಚಿತು. ಅವರ ಸಂಬಳವೇನೂ ಇಳಿದಿರಲಿಲ್ಲ. ಸಿಗಬೇಕೆಂದು ಎಣಿಸಿದ್ದು ಸಿಗದಿದ್ದಕ್ಕೆ ಕೈ ನಿಧಾನವಾಯಿತು, ಅಷ್ಟೇ. ಮೇಷ್ಟ್ರ ಮಾತಿನಲ್ಲಿ ಇಷ್ಟು ಸತ್ಯವಿದೆ.

ಆದರೆ ಮತ್ತೊಬ್ಬರ ಮಾತಿನಲ್ಲೂ ಇದೆ. ಆಫ್ರಿಕಾದ ಘಾನಾ ದೇಶ 2010ರಲ್ಲಿ ಮೇಷ್ಟ್ರು ಹೇಳಿದ್ದನ್ನೇ ಮಾಡಿತು. ಪೊಲೀಸರ ಸಂಬಳವನ್ನು ಎರಡರಷ್ಟು ಮಾಡಿತು. ಹೆದ್ದಾರಿಯಲ್ಲಿ ಲಾರಿ ಚಾಲಕರಿಂದ ವಸೂಲಿ ನಿಲ್ಲಲಿ ಎಂಬುದು ಆಸೆ. ಇಬ್ಬರು ಸಂಶೋಧಕರು ಲಾರಿಗಳ ಪ್ರಯಾಣದ ದಾಖಲೆ ಹಿಡಿದು, ಪಕ್ಕದ ದೇಶದ ಪೊಲೀಸರೊಂದಿಗೂ ಸಂಬಳ ಏರದ ಅಲ್ಲಿನದೇ ಸುಂಕದವರೊಂದಿಗೂ ಹೋಲಿಸಿ ನೋಡಿದರು. ಸಂಬಳ ಏರಿದ ಮೇಲೆ ಪೊಲೀಸರು ಲಾರಿಗಳಿಂದ ಕೀಳುವ ಮೊತ್ತ ಹೆಚ್ಚಿತ್ತು! ಜಾರ್ಜಿಯಾ ದೇಶದಲ್ಲಿ ಇದಕ್ಕೆ ತಿರುಗಾ ಆಯಿತು. ಅಲ್ಲಿ ಎರಡು ದಶಕದ ಹಿಂದೆ ಸಂಚಾರಿ ಪೊಲೀಸರನ್ನೆಲ್ಲ ಒಟ್ಟಿಗೆ ಮನೆಗೆ ಕಳಿಸಿ, ಹೊಸಬರನ್ನು ಆರಿಸಿ, ಅವರಿಗೆ ಹಲವು ಪಟ್ಟು ಸಂಬಳ ಕೊಟ್ಟರು. ರಸ್ತೆಯ ಲಂಚ ಹೆಚ್ಚು ಕಡಿಮೆ ಮಾಯವಾಯಿತು. ತೂಬು ಕಿತ್ತುಹೋದ ಕೆರೆಗೆ ಎಷ್ಟು ನೀರು ಬಿಟ್ಟರೂ ನಿಲ್ಲುವುದಿಲ್ಲ, ತೂಬು ಕಟ್ಟಿ ಬಿಟ್ಟರೆ ನಿಲ್ಲುತ್ತದೆ.

ನಮ್ಮಲ್ಲಿ ಆ ತೂಬು ಎಲ್ಲಿದೆ ಎಂಬುದು ನನಗೆ ತಿಳಿದದ್ದು ನನ್ನ ತಂಗಿಯ ಮಗನಿಂದ. ಅವನು 2017ರಲ್ಲಿ ಪೇದೆಯಾಗಿ ಸೇರಿದ, ಒಂದು ರೂಪಾಯಿ ಕೊಡದೆ. 2021ರಲ್ಲಿ ಸಬ್ ಇನ್‌ಸ್ಪೆಕ್ಟರ್ ಪರೀಕ್ಷೆಗೆ ಅರ್ಜಿ ಹಾಕಿದ. ಆಗ ಭಾವನ ಬಳಿಗೆ ಒಬ್ಬ ಬಂದು, ನಲವತ್ತು ಲಕ್ಷ ಹೊಂದಿಸಿದರೆ ಕೆಲಸ ಖಾತ್ರಿ ಎಂದನಂತೆ. ಅವನು ನಿಜವಾದ ದಲ್ಲಾಳಿಯೋ ಬರೀ ಮೋಸಗಾರನೋ ನಾನು ವಿಚಾರಿಸಲು ಹೋಗಲಿಲ್ಲ. ಭಾವ ಅಡಿಕೆ ತೋಟ ಮಾರುವ ಯೋಚನೆಯಲ್ಲಿದ್ದರು, ಸಾಲದ್ದಕ್ಕೆ ನನ್ನ ನಿವೃತ್ತಿಯ ಹಣ ಕೇಳಲು ಬಂದಿದ್ದರು.

ನಾನು ಕಾಗದ ಪೆನ್ಸಿಲ್ ತೆಗೆದೆ. ನಲವತ್ತು ಲಕ್ಷಕ್ಕೆ ನೂರಕ್ಕೆ ಒಂದು ರೂಪಾಯಿಯಂತೆ, ನಮ್ಮ ಕಡೆ ಇಷ್ಟು ಕಡಿಮೆಗೆ ಯಾರೂ ಕೊಡುವುದಿಲ್ಲ, ಆದರೂ ಹಾಗೆಂದೇ ಇಟ್ಟುಕೊಳ್ಳೋಣ, ತಿಂಗಳಿಗೆ ಬಡ್ಡಿ 40,000. ಸಬ್ ಇನ್‌ಸ್ಪೆಕ್ಟರನ ಆರಂಭಿಕ ಮೂಲ ವೇತನ ಆಗ 37,900. ಬಡ್ಡಿಗೇ ಸಾಲದು. ಅಸಲನ್ನು ಹತ್ತು ವರ್ಷದಲ್ಲಿ ತೀರಿಸಬೇಕೆಂದರೆ ತಿಂಗಳಿಗೆ ಇನ್ನೂ 33 ಸಾವಿರ. “ಭಾವ, ಈ ಎಪ್ಪತ್ತಮೂರು ಸಾವಿರ ಎಲ್ಲಿಂದ ಬರಬೇಕು?” ಎಂದೆ. ಭಾವ ಸುಮ್ಮನಿದ್ದರು. ತುಸು ಹೊತ್ತಾದ ಮೇಲೆ “ಎಲ್ಲರೂ ಹಂಗೇ ತಾನೆ ಮಾಡೋದು” ಎಂದರು. ಅಂದು ಜಗಳವಾಯಿತು. ಎರಡು ವರ್ಷ ನನ್ನ ತಂಗಿ ಹಬ್ಬಕ್ಕೆ ನಮ್ಮ ಮನೆಗೆ ಬರಲಿಲ್ಲ.

545 ಹುದ್ದೆಗಳ ಆ ಪರೀಕ್ಷೆ 2021ರ ಅಕ್ಟೋಬರ್ 3ರಂದು ನಡೆಯಿತು. ಹುಡುಗ ಬರೆದ, ಆಗಲಿಲ್ಲ. ಮರುವರ್ಷ ಉತ್ತರ ಪತ್ರಿಕೆಗಳನ್ನು ತಿದ್ದಿದ ಸುದ್ದಿ ಹೊರಬಿತ್ತು. ಸಿಐಡಿ ತನಿಖೆಯಾಯಿತು, ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿ ದರ್ಜೆಯ ಅಧಿಕಾರಿಯನ್ನೇ 2022ರ ಜುಲೈನಲ್ಲಿ ಬಂಧಿಸಿದರು. ಪರೀಕ್ಷೆ ರದ್ದಾಗಿ, ಹೈಕೋರ್ಟು ಅದನ್ನು ಎತ್ತಿಹಿಡಿದು, 2024ರ ಜನವರಿಯಲ್ಲಿ ಮರುಪರೀಕ್ಷೆ ನಡೆಯಿತು. ಹಣ ಕೊಟ್ಟು ಹುದ್ದೆಗೆ ಬಂದವನ ಮೂಲ ವೇತನವನ್ನು ಸರ್ಕಾರ ನೂರಕ್ಕೆ ಹತ್ತು ಏರಿಸಿದರೆ ತಿಂಗಳಿಗೆ 3,790 ರೂಪಾಯಿ. ಎಪ್ಪತ್ತಮೂರು ಸಾವಿರದ ಹೊಂಡಕ್ಕೆ ಅದು ಎಷ್ಟರ ಮಟ್ಟಿಗೆ? ಅವನ ಕಣ್ಣಿಗೆ ಠಾಣೆ ಒಂದು ಹೂಡಿಕೆ. ಅಲ್ಲಿಗೆ ಬರುವ ಬಡವನ ದೂರು, ಹೊಲದ ತಕರಾರು, ಮರಳಿನ ಟ್ರ್ಯಾಕ್ಟರು ಎಲ್ಲವೂ ಕಂತು ಕಟ್ಟುವ ದಾರಿ.

2019ರ ಏರಿಕೆಯಿಂದ ನಿನ್ನ ಕೆಲಸ ಸುಧಾರಿಸಿತೇ ಎಂದು ಅಳಿಯನನ್ನೇ ಒಮ್ಮೆ ಕೇಳಿದೆ. “ಕೆಲಸ ಅದೇ ಮಾವ. ತಿಂಗಳ ಕೊನೆಗೆ ಕೈಸಾಲ ಕೇಳೋದು ನಿಂತಿತು. ಸಂಬಳಕ್ಕಿಂತ ನಿದ್ದೆ ಸಾಲದು” ಎಂದ. ವಾರದ ರಜೆ ಪಟ್ಟಿಯಲ್ಲಿರುತ್ತದೆ, ಆ ದಿನ ಯಾರಾದರೂ ಮಂತ್ರಿ ಬರುತ್ತಾರೆ. ಅವನು ಹೇಳಿದ ಇನ್ನೊಂದು ಸಂಗತಿ ನನಗೆ ಹೊಸದು. ಅನಾಥ ಶವ ಸಿಕ್ಕರೆ ಸಾಗಿಸುವ ಗಾಡಿ, ಮೇಲೆ ಹೊದಿಸುವ ಬಟ್ಟೆ, ಗುಂಡಿ ತೋಡುವವರ ಕೂಲಿ, ಆರೋಪಿಯನ್ನು ನ್ಯಾಯಾಲಯಕ್ಕೆ ಕರೆದೊಯ್ಯುವಾಗ ಅವನ ಊಟ, ಇವೆಲ್ಲ ಎಷ್ಟೋ ಸಲ ಪೇದೆಗಳ ಜೇಬಿನಿಂದಲೇ ಹೋಗುತ್ತವಂತೆ. ಬಿಲ್ಲು ಹಾಕಿದರೆ ಬರುವಷ್ಟರಲ್ಲಿ ವರ್ಗವಾಗಿರುತ್ತದೆ. ಜೇಬಿನಿಂದ ಹಾಕಿದವನು ಎಲ್ಲಿಂದಲಾದರೂ ತುಂಬಿಸಿಕೊಳ್ಳುತ್ತಾನೆ. ಮಾಮೂಲು ಹುಟ್ಟುವ ಬಾಗಿಲುಗಳಲ್ಲಿ ಇದೂ ಒಂದು. ಇದನ್ನು ಮುಚ್ಚಲು ವೇತನ ಆಯೋಗ ಬೇಕಿಲ್ಲ, ಠಾಣೆಗೊಂದು ಸರಿಯಾದ ಖರ್ಚಿನ ಬಾಬತ್ತು ಇದ್ದರೆ ಸಾಕು.

ಸಂಬಳ ಕಡಿಮೆಯಿದ್ದಾಗಲೂ ಪೊಲೀಸರು ಹೇಗೆ ಕೆಲಸ ಮಾಡಬಲ್ಲರೆಂದು ನಮ್ಮ ಜಿಲ್ಲೆಯವರು ಕಣ್ಣಾರೆ ಕಂಡಿದ್ದೇವೆ. 2019ರ ಜನವರಿ 21ರಂದು ಸಿದ್ಧಗಂಗೆಯ ಡಾ. ಶಿವಕುಮಾರ ಸ್ವಾಮಿಗಳು ಲಿಂಗೈಕ್ಯರಾದಾಗ ಲಕ್ಷ ಲಕ್ಷ ಜನ ಸೇರಿದ್ದರು. ಆ ಸಾಲಿನಲ್ಲಿ ನಾನೂ ಇದ್ದೆ. ಔರಾದ್ಕರ್ ವರದಿ ಇನ್ನೂ ಕಡತದಲ್ಲಿತ್ತು. ಹಳೆಯ ಸಂಬಳದ ಪೇದೆಗಳು ರಾತ್ರಿಯಿಡೀ ನಿಂತು ಮುದುಕಿಯರ ಕೈ ಹಿಡಿದು ದಾಟಿಸುತ್ತಿದ್ದರು. ನಾನಿದ್ದ ಕಡೆ ಒಬ್ಬರೂ ಲಾಠಿ ಎತ್ತಲಿಲ್ಲ. ಅದೇ 22ರಂದು, ಬಾಗಿಲಲ್ಲಿ ತಡೆದರೆಂಬ ಕಾರಣಕ್ಕೆ ಸಚಿವರೊಬ್ಬರು ನಮ್ಮ ಜಿಲ್ಲೆಯ ಮಹಿಳಾ ಎಸ್ಪಿಯವರನ್ನು ಎಲ್ಲರೆದುರು ಗದರಿದ್ದೂ, ಆ ಅಧಿಕಾರಿ ಕಣ್ಣೊರೆಸಿಕೊಂಡದ್ದೂ ಟಿವಿಯಲ್ಲಿ ಬಂತು. ನೇರ ಕೆಲಸ ಮಾಡಿದವರಿಗೆ ಸಿಗುವುದು ಇದು ಎಂದು ಕೆಳಗಿನ ಪೇದೆ ನೋಡಿ ಕಲಿಯುತ್ತಾನೆ. ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷ ಒಂದೇ ಕಡೆ ಇರಲು ಬಿಡಿ ಎಂದು ಸುಪ್ರೀಂ ಕೋರ್ಟು 2006ರ ಪ್ರಕಾಶ್ ಸಿಂಗ್ ಮೊಕದ್ದಮೆಯಲ್ಲಿ ಹೇಳಿತ್ತು. ಎತ್ತಂಗಡಿಯ ಭಯ ತಪ್ಪದೆ ಸಂಬಳದ ಚೀಟಿಯಿಂದ ಧೈರ್ಯ ಬರುವುದಿಲ್ಲ.

ಇನ್ನೊಂದನ್ನು ಬರೆಯಲು ಮುಜುಗರವಾಗುತ್ತದೆ, ಬಿಟ್ಟರೆ ತಪ್ಪಾಗುತ್ತದೆ. 2025ರ ಜನವರಿಯಲ್ಲಿ ನಮ್ಮ ಮಧುಗಿರಿಯ ಡಿವೈಎಸ್ಪಿಯೊಬ್ಬರು, ದೂರು ಹೇಳಲು ಬಂದ ಪಾವಗಡದ ಕಡೆಯ ಹೆಣ್ಣುಮಗಳೊಂದಿಗೆ ಕಚೇರಿಯಲ್ಲೇ ಅಸಭ್ಯವಾಗಿ ನಡೆದುಕೊಂಡ ಆರೋಪದ ಮೇಲೆ ಅಮಾನತಾದರು, ಬಂಧಿತರಾದರು. ಡಿವೈಎಸ್ಪಿಯ ಸಂಬಳ ಪೇದೆಯ ಸಂಬಳದ ಹತ್ತಿರಕ್ಕೂ ಬರುವಂಥದ್ದಲ್ಲ, ಬಹಳ ಮೇಲಿನದು. ಅಂಥ ಆರೋಪಕ್ಕೂ ಸಂಬಳಕ್ಕೂ ಯಾವ ಸಂಬಂಧವೂ ಇಲ್ಲ. ದೂರು ಕೊಡಲು ಬಂದವರನ್ನು ಕಾಣುವ ಕಣ್ಣಿನ ಪ್ರಶ್ನೆ ಅದು.

ಕಲ್ಯಾಣದ ಶರಣರಲ್ಲಿ ತಳವಾರ ಕಾಮಿದೇವಯ್ಯನವರಿದ್ದರು. ತಳವಾರನೆಂದರೆ ಆ ಕಾಲದ ಪೊಲೀಸು. ಎಚ್ಚರಿಕೆ ಕಾಯಕದ ಮುಕ್ತಿನಾಥಯ್ಯನವರಿದ್ದರು, ಸುಂಕದ ಬಂಕಣ್ಣನವರಿದ್ದರು. ಕೈಗೆ ಹಣವೂ ಅಧಿಕಾರವೂ ಬರುವ ಕೆಲಸದವರನ್ನು ಶರಣರು ಹೊರಗಿಡಲಿಲ್ಲ, ಜೊತೆಯಲ್ಲಿ ಕೂರಿಸಿಕೊಂಡು ಲೆಕ್ಕ ಕೇಳಿದರು. ಬಸವಣ್ಣನವರೇ ಭಂಡಾರದ ಲೆಕ್ಕ ಒಪ್ಪಿಸಬೇಕಾಯಿತು. ಗಂಡ ಮಾರಯ್ಯ ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಹಿಂದಕ್ಕೆ ಹಾಕಿಸಿದಳೆಂಬ ಕಥೆ ನಮ್ಮ ಮಕ್ಕಳಿಗೂ ಗೊತ್ತು. ನಾವು ಆ ಕಥೆ ಹೇಳುವಾಗ ಮಾರಯ್ಯನನ್ನೇ ನೋಡುತ್ತೇವೆ. ಮನೆಯ ಬಾಗಿಲಲ್ಲಿ ನಿಂತು ಬೇಡವೆಂದವಳು ಲಕ್ಕಮ್ಮ. ಇಂದು ಪೇದೆಯ ಮನೆಯ ಬಾಗಿಲಲ್ಲಿ ನಿಂತು ಬೇಡವೆನ್ನುವವರು ಯಾರು? ಮಗನ ಬೈಕು ಹಿಡಿದರೆ “ಐನೂರು ಕೊಟ್ಟು ಬಿಡಿಸಿಕೊಂಡು ಬಾ” ಎನ್ನುವವರು ನಾವೇ ತಾನೆ?

ಆದ್ದರಿಂದ ಪೊಲೀಸರಿಗೆ ನೆರೆ ರಾಜ್ಯಕ್ಕೆ ಸಮನಾಗಿ ಸಂಬಳ ಕೊಡಲಿ ಎಂದು ಯಾರಾದರೂ ಮನವಿ ತಂದರೆ ನಾನು ಸಹಿ ಹಾಕುತ್ತೇನೆ. ಅದು ಅವರ ಬೆವರಿನ ಹಕ್ಕು, ಅವರನ್ನು ಒಳ್ಳೆಯವರನ್ನಾಗಿ ಮಾಡುವ ಔಷಧಿ ಎಂದಲ್ಲ.

ಕೊನೆಗೆ ಅಳಿಯನ ಸುದ್ದಿ. ಕಳೆದ ವರ್ಷ ಶಿರಾ ಕಡೆಯ ಒಂದು ಮನೆಗೆ ಹೆಣ್ಣು ನೋಡಲು ಹೋಗಿದ್ದೆವು. ಗೋಡೆಯ ಮೇಲೆ ಬಸವಣ್ಣನವರ ದೊಡ್ಡ ಪಟ, ಹಣೆ ತುಂಬ ವಿಭೂತಿ ಧರಿಸಿದ ಯಜಮಾನರು. ಉಪ್ಪಿಟ್ಟು ಕಾಫಿ ಆದ ಮೇಲೆ ನನ್ನನ್ನು ಪಡಸಾಲೆಯ ಮೂಲೆಗೆ ಕರೆದು ಮೆಲ್ಲಗೆ ಕೇಳಿದರು: “ಸಂಬಳ ಗೊತ್ತಾಯ್ತು. ಮೇಲೆ ಎಷ್ಟು ಬರುತ್ತೆ?” ಏನೂ ಇಲ್ಲ ಎಂದೆ. ನಾಲ್ಕು ದಿನ ಬಿಟ್ಟು ಜಾತಕ ಕೂಡಿಬರಲಿಲ್ಲವೆಂದು ಹೇಳಿಕಳಿಸಿದರು. ಬಸವಣ್ಣನವರ ಪಟವಿದ್ದ ಮನೆಯಿಂದ ಜಾತಕದ ಮಾತು ಬಂದದ್ದಕ್ಕೆ ಹುಡುಗ ಬಹಳ ಹೊತ್ತು ನಕ್ಕ. ಅವನಿಗೀಗ ಮೂವತ್ತೆರಡು. ನಿಮಗೆ ಗೊತ್ತಿರುವ ಮನೆಗಳಿದ್ದರೆ ತಿಳಿಸಿ. ಮೇಲೆ ಏನೂ ಬರುವುದಿಲ್ಲವೆಂದು ಮೊದಲೇ ಹೇಳಿದ್ದೇನೆ.