ಎಳೆಯರಿಗೆ ವಿಜ್ಞಾನವೋ, ವಿಜ್ಞಾನದ ಬಾಯಿಪಾಠವೋ?

ನಿಮ್ಮ ಮನೆಯಲ್ಲಿ ಮೂರನೆಯ ತರಗತಿಯ ಮಗುವೊಂದಿದ್ದರೆ ಅದರ ಪರಿಸರ ಅಧ್ಯಯನದ ನೋಟುಪುಸ್ತಕವನ್ನು ಒಮ್ಮೆ ತೆರೆದು ನೋಡಿರಿ. ‘ಸಸ್ಯದ ಭಾಗಗಳಾವುವು?’ ಎಂಬ ಪ್ರಶ್ನೆ. ‘ಬೇರು, ಕಾಂಡ, ಎಲೆ, ಹೂ, ಹಣ್ಣು’ ಎಂಬ ಉತ್ತರ. ಬಹುತೇಕ ಶಾಲೆಗಳಲ್ಲಿ ಪ್ರಶ್ನೆಯೂ ಶಿಕ್ಷಕರದೇ, ಉತ್ತರವೂ ಶಿಕ್ಷಕರದೇ. ಮಗುವಿನದು ಕೈಬರಹ ಮಾತ್ರ. ಶಾಲೆಯ ಬೇಲಿಯ ಮೇಲೆ ಹಬ್ಬಿದ ಬಳ್ಳಿಯನ್ನು ಒಮ್ಮೆಯೂ ಮುಟ್ಟಿ ನೋಡದೆ ಈ ಉತ್ತರ ಬರೆದು ಪೂರ್ಣ ಅಂಕ ಪಡೆಯಬಹುದು. ಇದನ್ನು ವಿಜ್ಞಾನ ಶಿಕ್ಷಣವೆಂದು ಕರೆಯುವುದು ವಿಜ್ಞಾನಕ್ಕೂ ಅಪಚಾರ, ಶಿಕ್ಷಣಕ್ಕೂ ಅಪಚಾರ.

ಹೀಗೆಯೇ ಕಲಿಸಿರೆಂದು ಬಲ್ಲವರಾರೂ ಹೇಳಿಲ್ಲ. 1975ರ ರಾಷ್ಟ್ರೀಯ ಪಠ್ಯಕ್ರಮವು ಪ್ರಾಥಮಿಕ ಹಂತಕ್ಕೆ ಪರಿಸರ ಅಧ್ಯಯನವನ್ನು ಸೂಚಿಸಿದ್ದೇ ಮಗು ತನ್ನ ಸುತ್ತಲಿನದನ್ನು ನೋಡಿ ಕಲಿಯಲೆಂದು. 1993ರಲ್ಲಿ ಪ್ರೊ. ಯಶಪಾಲರ ಸಮಿತಿಯು ತಿಳಿಯದೆ ಕಲಿಯುವ ಹೊರೆ ಚೀಲದ ಹೊರೆಗಿಂತಲೂ ಭಾರವೆಂದು ಎಚ್ಚರಿಸಿತು. 2005ರ ಚೌಕಟ್ಟು ಒಂದು ಮತ್ತು ಎರಡನೆಯ ತರಗತಿಗಳಿಗೆ ಪ್ರತ್ಯೇಕ ವಿಜ್ಞಾನದ ಪಠ್ಯವೇ ಬೇಡ, ಅದು ಭಾಷೆ ಮತ್ತು ಗಣಿತದೊಡನೆ ಬೆರೆತು ಬರಲಿ ಎಂದಿತು. ನಮ್ಮ ರಾಜ್ಯದಲ್ಲಿಯೇ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲ್ಗೊಂಡ ‘ನಲಿ-ಕಲಿ’ಯ ಆಶಯವೂ ಇದೇ. ಆಶಯಗಳಿಗೆ ಕೊರತೆಯಿಲ್ಲ, ತರಗತಿಯೊಳಗೆ ಮಾತ್ರ ಬಾಯಿಪಾಠವೇ ಸಿಂಹಾಸನಾರೂಢವಾಗಿದೆ.

ಬಾಯಿಪಾಠದಿಂದ ಆಗುವ ಕೇಡು ಮರೆವೊಂದೇ ಅಲ್ಲ. ಅದು ಮಗುವಿನ ಕಣ್ಣನ್ನೇ ಸುಳ್ಳಾಗಿಸುತ್ತದೆ. ‘ಸೂರ್ಯನು ಪೂರ್ವದಲ್ಲಿ ಹುಟ್ಟುತ್ತಾನೆ, ಮಧ್ಯಾಹ್ನ ನೆತ್ತಿಯ ಮೇಲಿರುತ್ತಾನೆ’ ಎಂದು ಕಲಿಸುತ್ತೇವೆ. ಆದರೆ ಸೂರ್ಯನು ನೇರ ಪೂರ್ವದಲ್ಲಿ ಹುಟ್ಟುವುದು ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ ಬರುವ ಸಮರಾತ್ರಿಯ ದಿನಗಳಂದು ಮಾತ್ರ. ಡಿಸೆಂಬರಿನಲ್ಲಿ ಅವನು ದಕ್ಷಿಣಕ್ಕೆ ಸರಿದಿರುತ್ತಾನೆ, ಜೂನಿನಲ್ಲಿ ಉತ್ತರಕ್ಕೆ. ನಮ್ಮ ನಾಡಿನ ಯಾವುದೇ ಊರಿನಲ್ಲಿ ಅವನು ನೆತ್ತಿಯ ಮೇಲೆ ನೇರವಾಗಿ ಬರುವುದು ವರ್ಷಕ್ಕೆ ಎರಡೇ ದಿನ. ಬೆಂಗಳೂರಿನಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ. ಆಗಸ್ಟಿನಲ್ಲಿ ಶಾಲೆ ನಡೆಯುತ್ತಿರುತ್ತದೆ. ಮೋಡವಿಲ್ಲದಿದ್ದರೆ ಅಂದು ಮಧ್ಯಾಹ್ನ 12 ಗಂಟೆ 24 ನಿಮಿಷದ ಸುಮಾರಿಗೆ ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರದು. ಇದನ್ನು ಕಂಡ ಮಗು ಜೀವಮಾನವಿಡೀ ಮರೆಯಲಾರದು. ನಾವಾದರೋ ಆ ಹೊತ್ತಿನಲ್ಲಿ ಅದನ್ನು ಒಳಗೆ ಕೂಡಿಸಿ ತಪ್ಪು ವಾಕ್ಯವನ್ನು ಹತ್ತು ಸಲ ಬರೆಯಿಸುತ್ತಿರುತ್ತೇವೆ!

ಇನ್ನೊಂದು ನಿದರ್ಶನ. ‘ಬೆಳಕಿಲ್ಲದೆ ಸಸ್ಯ ಬೆಳೆಯದು’ ಎಂಬುದು ನೋಟುಪುಸ್ತಕದ ವಾಕ್ಯ. ಎರಡು ತೆಂಗಿನ ಚಿಪ್ಪುಗಳಲ್ಲಿ ಮಣ್ಣು ತುಂಬಿ, ಹೆಸರುಕಾಳು ಬಿತ್ತಿ, ಒಂದನ್ನು ಕಿಟಕಿಯ ಬಳಿ, ಇನ್ನೊಂದನ್ನು ಕತ್ತಲ ಮೂಲೆಯಲ್ಲಿ ಇರಿಸಿರಿ. ವಾರದೊಳಗೆ ಕತ್ತಲ ಮೊಳಕೆಯೇ ಹೆಚ್ಚು ಉದ್ದವಾಗಿ ಎದ್ದಿರುತ್ತದೆ. ಆದರೆ ಬಿಳಿಚಿಕೊಂಡು, ಬಡಕಲಾಗಿ, ಬಾಗಿರುತ್ತದೆ. ‘ಹಾಗಾದರೆ ಪುಸ್ತಕ ಸುಳ್ಳೇ?’ ಎಂದು ಮಗು ಕೇಳುತ್ತದೆ. ಕಾಳಿನೊಳಗೆ ಕೂಡಿಟ್ಟ ಆಹಾರದಿಂದ ಮೊಳಕೆ ಬೆಳಕನ್ನು ಹುಡುಕುತ್ತ ಚಾಚಿತು, ಆ ಬುತ್ತಿ ಮುಗಿದ ಮೇಲೆ ಅದು ಬಾಳಲಾರದು ಎಂಬ ಸತ್ಯ ಅದಕ್ಕೆ ಆಗ ತಾನೇ ಹೊಳೆಯುತ್ತದೆ. ಆ ಪ್ರಶ್ನೆಯ ಕ್ಷಣವೇ ವಿಜ್ಞಾನದ ಜನ್ಮಕ್ಷಣ. ಬರೆಯಿಸಿದ ಉತ್ತರವು ಆ ಪ್ರಶ್ನೆಯನ್ನು ಹುಟ್ಟುವ ಮುನ್ನವೇ ಕೊಂದುಬಿಡುತ್ತದೆ.

‘ಪ್ರಯೋಗಾಲಯಕ್ಕೆ ಹಣವೆಲ್ಲಿದೆ?’ ಎಂದು ಕೆಲವರು ಆಕ್ಷೇಪಿಸುವರು. ಕೋಲಿಗೂ ಚಿಪ್ಪಿಗೂ ಹಣವೇಕೆ? ‘ಪರೀಕ್ಷೆಯ ಗತಿಯೇನು?’ ಎನ್ನುವರು. 1972ರಲ್ಲಿ ಮಧ್ಯಪ್ರದೇಶದ ಅಂದಿನ ಹೋಶಂಗಾಬಾದ್ ಜಿಲ್ಲೆಯ 16 ಮಾಧ್ಯಮಿಕ ಶಾಲೆಗಳಲ್ಲಿ, ಪ್ರಯೋಗ ಮಾಡಿಯೇ ವಿಜ್ಞಾನ ಕಲಿಯುವ ಕಾರ್ಯಕ್ರಮ ಆರಂಭವಾಯಿತು. ಅಲ್ಲಿ ಮಕ್ಕಳು ಪುಸ್ತಕ ತೆರೆದಿಟ್ಟುಕೊಂಡು ಪರೀಕ್ಷೆ ಬರೆದರು, ಪ್ರಯೋಗ ಮಾಡಿ ತೋರಿಸಿದರು. 2002ರಲ್ಲಿ ಸರ್ಕಾರವೇ ನಿಲ್ಲಿಸುವವರೆಗೂ ಅದು ಮೂರು ದಶಕ ನಡೆಯಿತು. ಹಳ್ಳಿಯ ಶಾಲೆಯಲ್ಲಿ ಇದು ಸಾಧ್ಯವಿಲ್ಲವೆಂಬ ವಾದಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಇನ್ನು ತಾಯಿತಂದೆಗಳ ಮೋಹವೊಂದಿದೆ. ಆರು ವರ್ಷದ ಕೂಸು ‘ದ್ಯುತಿಸಂಶ್ಲೇಷಣೆ’ ಎಂದು ಉಚ್ಚರಿಸಿದರೆ ನೆಂಟರ ಮುಂದೆ ಹಿಗ್ಗುತ್ತೇವೆ. ಇರುವೆಗೆ ಕಾಲೆಷ್ಟು, ಜೇಡಕ್ಕೆ ಕಾಲೆಷ್ಟು ಎಂದು ಬಗ್ಗಿ ಎಣಿಸುತ್ತಿರುವ ಕೂಸನ್ನು ‘ಬಟ್ಟೆ ಕೊಳೆಯಾಯಿತು’ ಎಂದು ಗದರಿಸುತ್ತೇವೆ. ಯಾವ ಕೂಸು ವಿಜ್ಞಾನ ಕಲಿಯುತ್ತಿತ್ತು? ಮಾಹಿತಿ ಬೇರೆ, ಅರಿವು ಬೇರೆ. ಮಾಹಿತಿಯನ್ನು ಕೊಡಬಹುದು, ಅರಿವು ಒಳಗಿನಿಂದ ಮೂಡಬೇಕು.

ಆದುದರಿಂದ ಶಾಲೆಗಳ ಆಡಳಿತ ಮಂಡಳಿಗಳಲ್ಲಿರುವ ಹಳೆಯ ವಿದ್ಯಾರ್ಥಿಗಳೇ, ಉಪಾಧ್ಯಾಯ ಬಂಧುಗಳೇ, ನಿಮ್ಮಲ್ಲಿ ಮೂರೇ ಬೇಡಿಕೆಗಳು. ಮೂರನೆಯ ತರಗತಿಯವರೆಗೆ ಪರಿಸರ ಅಧ್ಯಯನಕ್ಕೆ ಪ್ರಶ್ನೋತ್ತರ ಬರೆಯಿಸುವುದನ್ನು ನಿಲ್ಲಿಸಿರಿ. ವಾರಕ್ಕೆ ಎರಡು ಅವಧಿ ಮಕ್ಕಳನ್ನು ಅಂಗಳಕ್ಕೋ ಹೊಲಕ್ಕೋ ಕೆರೆಯ ದಂಡೆಗೋ ಕರೆದೊಯ್ಯಿರಿ. ಮಗು ಕೇಳಿದ ಪ್ರಶ್ನೆಗೆ ಉತ್ತರ ತಿಳಿಯದಿದ್ದರೆ ‘ನನಗೂ ತಿಳಿಯದು, ಕೂಡಿ ನೋಡೋಣ’ ಎನ್ನಲು ಶಿಕ್ಷಕರಿಗೆ ಧೈರ್ಯವನ್ನೂ ಅವಕಾಶವನ್ನೂ ಕೊಡಿರಿ. ಗುರುವಿನ ಗೌರವ ಇದರಿಂದ ಕುಂದದು, ಇಮ್ಮಡಿಸುತ್ತದೆ. ಸಂದರ್ಶಕರು ಬಂದಾಗ ಮಕ್ಕಳಿಂದ ಉತ್ತರ ಹೇಳಿಸಿ ಚಪ್ಪಾಳೆ ಗಿಟ್ಟಿಸುವ ಶಾಲೆಗಳು ಸಾಕಷ್ಟಿವೆ. ಮಕ್ಕಳೇ ಸಂದರ್ಶಕರನ್ನು ಪ್ರಶ್ನಿಸುವ ಶಾಲೆಗಳು ಈಗ ನಮಗೆ ಬೇಕಾಗಿವೆ.